ಹೊರಟವರನ್ನು ಎಲ್ಲಿಗೆಂದು ಕೇಳಬಾರದು

ಆದಿತ್ಯವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಮಾತನ್ನು ಬಾಯಿ ತಪ್ಪಿಯೂ ಆಡುವಂತಿರಲಿಲ್ಲ. "ಎಲ್ಲಿಗೆ?" ಎನ್ನುವ ಮಾತು. ಹೊರಟು ನಿಂತವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ಊರಲ್ಲಿ ಎಲ್ಲರೂ ಅಷ್ಟಿಷ್ಟು ನಂಬುವವರೇ. ನಮ್ಮ ಯಜಮಾನರು ಮಾತ್ರ ಅದನ್ನು ಸರಕಾರದ ಕಾನೂನಿನ ಹಾಗೆ ಪಾಲಿಸುತ್ತಿದ್ದರು. ವಾರದ ಆರು ದಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತಿಕೆ, ಏಳನೆಯ ದಿನ ಗಾಳ. ರಾಹುಕಾಲವನ್ನೂ ಲೆಕ್ಕಕ್ಕಿಡದ ಮನುಷ್ಯನಿಗೆ ಈ ಒಂದು ಶಕುನದ ಮೇಲೆ ಅಷ್ಟು ಭಕ್ತಿ ಯಾಕೆಂದು ನನಗೆ ಗೊತ್ತಿತ್ತು. ಮೀನು ಹಿಡಿಯುವ ಜಾಗ ಯಾರಿಗೂ ತಿಳಿಯಬಾರದು, ಹೆಂಡತಿಗೂ.

ಶನಿವಾರ ಸಂಜೆ ಅವರು ಬಿಸ್ಕತ್ತಿನ ಡಬ್ಬಿ ಬಿಚ್ಚಿಕೊಂಡು ಚಾಪೆಯ ಮೇಲೆ ಕೂರುತ್ತಿದ್ದರು. ಎರೆಹುಳ, ಸಿಗಡಿ ಸಿಕ್ಕಿಸಿ ಮೀನು ಹಿಡಿಯುವುದು ಅವರ ಪಾಲಿಗೆ ಮರ್ಯಾದೆಯ ಕೆಲಸವಲ್ಲ. ಕಾರ್ಖಾನೆಯ ಬಿಳಿಯ ಸಾಹೇಬರೊಬ್ಬರು ತಮ್ಮ ದೇಶಕ್ಕೆ ಹೋಗುವಾಗ ಕೊಟ್ಟ ಇಂಗ್ಲಿಷ್ ಪುಸ್ತಕವೊಂದಿತ್ತು. ಅದರ ಚಿತ್ರ ನೋಡಿ ಸುಳ್ಳು ಮೀನು, ಸುಳ್ಳು ಹುಳ ಮಾಡುತ್ತಿದ್ದರು. ಬಿಸಿಲಿದ್ದರೆ ನನ್ನ ಅಡುಗೆಮನೆಯಿಂದ ಕದ್ದ ಹಿತ್ತಾಳೆ ಚಮಚದ ತುಂಡು, ಮೋಡವಿದ್ದರೆ ಹುಂಜದ ಕೆಂಪು ಗರಿ, ನೀರು ಕದಡಿದ್ದರೆ ಕರಿಬಣ್ಣ ಬಳಿದ ಮರದ ಮೀನು. ಮದುಮಗಳಿಗೆ ಒಡವೆ ಆರಿಸುವವರ ಹಾಗೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವರು, ಬದಿಗಿಡುವರು, ಮತ್ತೆ ಎತ್ತಿಕೊಳ್ಳುವರು. ನನ್ನನ್ನು ನೋಡಲು ಬಂದ ದಿನ ಅದರ ಕಾಲುಭಾಗ ಹೊತ್ತೂ ತೆಗೆದುಕೊಂಡಿರಲಿಲ್ಲ.

ಇಷ್ಟೆಲ್ಲ ಆಗಿ ಆದಿತ್ಯವಾರ ಸಂಜೆ ಬರುವಾಗ ಕೈ ಖಾಲಿ.

ಮಣ್ಣಗುಡ್ಡದ ನಮ್ಮ ಮನೆಯ ಪಕ್ಕದಲ್ಲಿ ಕೊಂಕಣಿ ಮಾತಾಡುವ ಕ್ರಿಸ್ತರ ಹೆಂಗಸೊಬ್ಬರಿದ್ದರು, ಶಾಲೆಯಲ್ಲಿ ಟೀಚರು. ಅವರನ್ನು ಎಲ್ಲರೂ 'ಬಾಯಿ' ಎಂದೇ ಕರೆಯುವುದು. ಒಂದು ದಿನ ಬೇಲಿಯ ಆಚೆಯಿಂದ ಕೇಳಿದರು:

"ಅಕ್ಕ, ನಿಮ್ಮವರು ಮೀನಿಗೇ ಹೋಗುವುದಾ? ಮೂರು ವರ್ಷದಲ್ಲಿ ನಮ್ಮ ಬೆಕ್ಕಿಗೆ ಒಂದು ದಿನ ವಾಸನೆ ಸಿಗ್ಲಿಲ್ಲ ಮಾರಾಯ್ರೆ."

ಅವರೂ ನಕ್ಕರು, ನಾನೂ ನಕ್ಕೆ. ನಗು ಮುಗಿದ ಮೇಲೂ ಮಾತು ಮಾತ್ರ ಉಳಿಯಿತು.

ಅದೇ ವಾರ ಒಂದು ಮದುವೆಗೆ ಹೋಗಲಿಕ್ಕಿತ್ತೆಂದು ಟ್ರಂಕು ತೆಗೆದೆ. ನನ್ನ ಮದುವೆಯ ರವಿಕೆ ಹೊಲಿದು ಉಳಿದಿದ್ದ ಒಂದು ಮೊಳ ಹಸಿರು ರೇಷ್ಮೆ ಕಾಣಲಿಲ್ಲ. ಬುಡಮೇಲು ಮಾಡಿ ಹುಡುಕಿದೆ, ಇಲ್ಲ. ಒಂದು ಮೊಳ ಎಂದರೆ ಸಪೂರ ಮೈಯವಳಿಗೆ ಒಂದು ರವಿಕೆ ಎಂದು ನನ್ನ ಹಾಳು ತಲೆ ಕೂಡಲೇ ಲೆಕ್ಕ ಹಾಕಿತು. ಸುಳ್ಳು ಯಾಕೆ ಹೇಳಲಿ, ಹಿತ್ತಲಿಗೆ ಹೋಗಿ ಅತ್ತೆ. ಆಮೇಲೆ ಸಿಟ್ಟು ಬಂದು ಮೂರು ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಅವರು ಎಂದಿನ ಹಾಗೆ ಉಂಡೆದ್ದರು. ಉಪ್ಪಿನ ಮೇಲೂ ಗಮನವಿಲ್ಲದ ಗಂಡಸಿನ ಮನಸ್ಸು ಇನ್ನೆಲ್ಲೋ ಇರಲೇಬೇಕಲ್ಲ.

ಆದಿತ್ಯವಾರ ಅವರು ಗಾಳದ ಕೋಲು ಹೆಗಲಿಗಿಟ್ಟು ಮೆಟ್ಟಿಲಿಳಿಯುತ್ತಿದ್ದಂತೆ ಕೇಳಿಯೇ ಬಿಟ್ಟೆ.

"ಎಲ್ಲಿಗೆ?"

ಅವರು ಇಳಿಸಿದ ಕಾಲನ್ನು ಎತ್ತಿ ಮತ್ತೆ ಮೇಲಿಟ್ಟರು. ಒಳಗೆ ಬಂದು ಕೂತು, ಶಕುನ ಕಳೆಯಲು ನೀರು ಕೇಳಿದರು. ನೀರು ಕೊಟ್ಟು ಅಲ್ಲೇ ನಿಂತೆ.

"ಎಂತ ಆಯ್ತು ನಿನಗೆ?"

"ನನ್ನ ಹಸಿರು ರೇಷ್ಮೆ ಈಗ ಯಾರ ಮೈಮೇಲೆ ಉಂಟು?"

ಅವರು ಕಿವಿಯವರೆಗೆ ಕೆಂಪಾದರು. ಚೊಂಬನ್ನು ಕೆಳಗಿಟ್ಟು ಎದ್ದರು. "ಬಾ, ತೋರಿಸ್ತೇನೆ."

ಅವರ ಹಿಂದೆಯೇ ನಡೆದೆ. ಕುಲಶೇಖರದ ಪೇಟೆ ದಾಟಿದ ಮೇಲೆ, ಹೆಂಚಿಗಾಗಿ ಹಿಂದೆ ಆವೆಮಣ್ಣು ತೆಗೆದು ಬಿಟ್ಟ ದೊಡ್ಡ ಹೊಂಡ. ಮಳೆನೀರು ನಿಂತು ಕೆರೆಯೇ ಆಗಿತ್ತು. ಒಂದು ದಂಡೆಯಲ್ಲಿ ಕೇದಗೆಯ ಪೊದೆ, ಎದುರಿಗೆ ತಾವರೆ ಎಲೆ, ಮನುಷ್ಯರ ಸುಳಿವಿಲ್ಲ. ಅವರು ಡಬ್ಬಿಯ ತಳದಿಂದ, ಶನಿವಾರ ನಾನೆಂದೂ ಕಂಡಿರದ ಒಂದು ಪೊಟ್ಟಣ ತೆಗೆದು ನನ್ನ ಮುಂದೆ ಬಿಚ್ಚಿಟ್ಟರು. ಒಳಗೆ ಹತ್ತಿ ತುಂಬಿ ಹೊಲಿದ ಹಸಿರು ರೇಷ್ಮೆಯ ಕಪ್ಪೆಗಳು, ಕಣ್ಣಿಗೆ ಸಾಸಿವೆಕಾಳು, ಹೊಟ್ಟೆಯಡಿ ಕೊಕ್ಕೆ. ಎಣಿಸಿದೆ, ಹದಿನಾಲ್ಕು.

"ರೇಷ್ಮೆ ಕೊಟ್ಟದ್ದು ಹೌದು," ಎಂದರು. "ಅವಳು ಕಪ್ಪು, ತಲೆ ಹಾವಿನ ಹಾಗೆ. ಮೂರು ವರ್ಷ ಆಯ್ತು, ನನ್ನನ್ನು ತಿರುಗಿ ಕೂಡ ನೋಡ್ಲಿಲ್ಲ."

ಈ ಹೊಂಡದ ಒಂದು ದೊಡ್ಡ ಮಡೆಂಜಿ ಮೀನಿನ ಮಾತು ಅದು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಅವರು ಗಂಭೀರವಾಗಿ ಒಂದು ಕಪ್ಪೆ ಆರಿಸಿ, ಪುಸ್ತಕದಲ್ಲಿದ್ದ ಹಾಗೆ ಹೊಂಡದ ನಟ್ಟನಡುವೆ ಎಸೆದರು. ಎಳೆದರು, ಎಸೆದರು. ನನ್ನ ತವರು ಕಾಟಿಪಳ್ಳದ ಕಡೆ, ಗದ್ದೆಯ ಮನೆ. ಅಣ್ಣಂದಿರು ತೋಡಿನಲ್ಲಿ ಮಡೆಂಜಿ ಹಿಡಿಯುವುದನ್ನು ನೋಡಿಯೇ ಬೆಳೆದವಳು ನಾನು. ಮಡೆಂಜಿ ಆಗಾಗ ಮೇಲೆ ಬಂದು ಗಾಳಿ ನುಂಗಿ, ಮತ್ತೆ ನೆರಳಿಗೇ ಇಳಿಯುತ್ತದೆ. ಸುಮ್ಮನೆ ಕೂತು ನೀರು ನೋಡಿದೆ. ಸ್ವಲ್ಪ ಹೊತ್ತಿಗೆ ಕೇದಗೆಯ ಬುಡದಲ್ಲಿ 'ಗುಳುಕ್' ಎಂದಿತು.

"ಅಲ್ಲಿ ಹಾಕಿ."

"ಅಲ್ಲಿ ಮೊಣಕಾಲು ಮುಳುಗುವಷ್ಟೂ ನೀರಿಲ್ಲ ಮಾರಾಯ್ತಿ. ಪುಸ್ತಕದಲ್ಲಿ..."

"ಪುಸ್ತಕ ಸಾಹೇಬರದ್ದು. ರೇಷ್ಮೆ ನನ್ನದು. ಹಾಕಿ."

ಹಾಕಿದರು. ಕಪ್ಪೆ ನೀರ ಮೇಲೆ ಎರಡು ಸಲ ಹಾರಿತು. ಮೂರನೆಯ ಸಲ ನೀರೇ ಬಾಯಿ ಬಿಟ್ಟಿತು. ಕೋಲು ಬಾಗಿತು, ಅವರು ಜಾರಿದರು, ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ. ಹಗಲಿನಲ್ಲಿ, ಬಯಲಿನಲ್ಲಿ, ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅದೇ ಮೊದಲು. ಮೀನು ದಂಡೆಗೆ ಬಿದ್ದ ಮೇಲೂ ಬಿಡಲು ಸ್ವಲ್ಪ ತಡವಾಯಿತು.

ಆ ಸಂಜೆ ಬಾಯಿಯವರಿಗೂ ಒಂದು ಬಟ್ಟಲು ಪದಾರ್ಥ ಹೋಯಿತು, ಅವರ ಬೆಕ್ಕಿಗೆ ಮೀನಿನ ತಲೆ. ಬೇಲಿಯ ಬಳಿ ನಿಂತು ಯಜಮಾನರು ಕಪ್ಪೆಯ ಹೊಲಿಗೆಯನ್ನು ವಿವರಿಸಿದ್ದೇ ವಿವರಿಸಿದ್ದು. ಕೇದಗೆಯ ಸುದ್ದಿಯೇ ಇಲ್ಲ. ಮೀನು ಸಿಕ್ಕಿದ್ದು ಕಪ್ಪೆಯಿಂದಲೋ ಜಾಗದಿಂದಲೋ ಎಂದು ನಮ್ಮಿಬ್ಬರಿಗೆ ಇಡೀ ವಾರ ಚರ್ಚೆಯಾಯಿತು. ಅವರು ಒಂದಿಷ್ಟೂ ಸೋಲಲಿಲ್ಲ.

ಮುಂದಿನ ಆದಿತ್ಯವಾರ ನಾನು ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕೋಲು, ಡಬ್ಬಿ ಹಿಡಿದು ಅಂಗಳಕ್ಕಿಳಿದವರು ಅಲ್ಲೇ ನಿಂತರು. ನಾನು ತುಟಿ ಬಿಚ್ಚಲಿಲ್ಲ. ಅವರು ಕೆಮ್ಮಿದರು, ಬೇಲಿಯ ಆಚೆ ಬಾಯಿಯವರು ಇಲ್ಲವೆಂದು ಇಣುಕಿ ನೋಡಿಕೊಂಡರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

"ಹೌದಾ ಮಾರಾಯ್ತಿ, ಇವತ್ತು ಎಲ್ಲಿಗೆ?"

ನಾನು ಕೈ ಒರೆಸಿಕೊಂಡು ಎದ್ದೆ.