ಅವರವರ ಸಾಲು, ಅವರವರ ಚೀಲ

ಗೂಡಲೂರು ಹತ್ತಿರದ ದೇವಾಲದ ಎಸ್ಟೇಟಿನಲ್ಲಿ ಇಪ್ಪತ್ತೈದು ವರ್ಷ ಟೀ ಎಲೆ ಕಿತ್ತ ಮೇಲೆ ಯೂನಿಯನ್ನಿನವರು ನನ್ನನ್ನು ಹೆಂಗಸರ ಪ್ರತಿನಿಧಿಯಾಗಿ ಆರಿಸಿದರು. ಬುದ್ಧಿವಂತೆ ಅಂತಲ್ಲ, ಬಾಯಿ ಜೋರು ಅಂತ. ಮಸಿನಗುಡಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ತಮಿಳು ಅಷ್ಟಕ್ಕಷ್ಟೆ, ಮಲಯಾಳ ಇಲ್ಲವೇ ಇಲ್ಲ. ಜಗಳವಾಡುತ್ತಲೇ ಎರಡನ್ನೂ ಕಲಿತೆ.

ಆ ವರ್ಷ ನಮ್ಮ ದೊಡ್ಡ ತಕರಾರು ಮೇಸ್ತ್ರಿಯ ಮೇಲೆ. ಬೇರೆಯವರು ಕಿತ್ತ ಎಲೆಯನ್ನು ತನ್ನ ನಾದಿನಿಯ ಚೀಲಕ್ಕೆ ಸುರಿಸಿ, ಸಂಜೆ ತೂಕದ ಹೊತ್ತಿಗೆ ಅವಳೇ ಎಲ್ಲರಿಗಿಂತ ಮುಂದೆ ಎಂದು ತೋರಿಸುತ್ತಿದ್ದ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು. ಮಾತುಕತೆಯ ದಿನ ಮ್ಯಾನೇಜರ ಎದುರು ಮೇಜು ಕುಟ್ಟಿ ಹೇಳಿದೆ: ಅವರವರ ಸಾಲಿನ ಎಲೆ ಅವರವರ ಚೀಲಕ್ಕೇ ಬೀಳಬೇಕು, ಒಬ್ಬರದನ್ನು ಇನ್ನೊಬ್ಬರ ಚೀಲಕ್ಕೆ ಹಾಕಿದರೆ ಇಬ್ಬರಿಗೂ ಆ ದಿನ ಅರ್ಧ ಹಾಜರಿ, ಅರ್ಧ ಕೂಲಿ. ಕಕ್ಕಸಿನ ಬಾಗಿಲಿಗೆ ಚಿಲಕ ಹಾಕಿಸಿ ಎಂದರೂ ಆರು ತಿಂಗಳು ಯೋಚಿಸುವ ಮನುಷ್ಯ ಇದಕ್ಕೆ ಒಂದೇ ಮಾತಿಗೆ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಹಿ ಹಾಕಿ, ಒಪ್ಪಂದದ ಫೋಟೊ ಎಲ್ಲರ ಫೋನಿಗೂ ಕಳಿಸಿ, ಕೂಲಿ ಲೈನಿನ ಮನೆಮನೆಗೂ ವರ್ಕಿ ಬಿಸ್ಕತ್ತು ಹಂಚಿದೆ.

ಎಲೆ ಕೀಳುವವರಲ್ಲಿ ಒಂದು ಪದ್ಧತಿಯಿದೆ. ಹಾಲೂಡುವ ತಾಯಿ ಹಗಲಲ್ಲಿ ಎರಡು ಸಲ, ಕೂಸುಗಳನ್ನು ಬಿಟ್ಟುಬರುವ ಕ್ರೆಶ್‌ಗೆ ಹೋಗಿ ಮಗುವಿಗೆ ಹಾಲು ಕೊಟ್ಟು ಬರಬಹುದು, ಕಾನೂನಿನಲ್ಲೇ ಅದಕ್ಕೆ ಬಿಡುವಿದೆ. ಆದರೆ ಗುಡ್ಡದ ತುದಿಯಿಂದ ಇಳಿದು, ಮತ್ತೆ ಹತ್ತಿ ಬರುವಷ್ಟರಲ್ಲಿ ಅವಳ ಸಾಲು ಹಿಂದೆ ಬಿದ್ದು, ಎಲೆ ಕಡಿಮೆಯಾಗಿ, ಹಾಜರಿ ಅರ್ಧವಾಗುತ್ತದೆ. ಹಾಗಾಗದಿರಲೆಂದು ಎಡಬಲದ ಸಾಲಿನವರು ಅವಳ ಸಾಲನ್ನೂ ಕಿತ್ತು ಅವಳ ಚೀಲಕ್ಕೆ ಹಾಕಿಡುತ್ತಾರೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನನ್ನ ಎರಡು ಮಕ್ಕಳೂ ಹೀಗೆಯೇ ಬೆಳೆದವು. ಇದು ಯಾವ ಕಾಗದದಲ್ಲೂ ಇರಲಿಲ್ಲ, ಹಾಗಾಗಿ ಕಾಗದ ಬರೆಸುವಾಗ ನನ್ನ ತಲೆಗೂ ಬರಲಿಲ್ಲ. ಮಾತುಕತೆಗೆ ಜೊತೆ ಬಂದಿದ್ದ ಗಂಡಸರಿಗಂತೂ ಇದು ಗೊತ್ತೇ ಇರಲಿಲ್ಲ.

ನನ್ನ ಪಕ್ಕದ ಸಾಲಿನವಳು ನಮ್ಮ ಮಸಿನಗುಡಿ ಕಡೆಯ ಹುಡುಗಿ, ಐದು ತಿಂಗಳ ಕೂಸಿನ ತಾಯಿ. ಹೊಸ ನಿಯಮ ಬಂದ ಮೇಲೆ ಅವಳು ಸಾಲು ಬಿಟ್ಟು ಕದಲುತ್ತಿರಲಿಲ್ಲ. ಕೆಲಸದಲ್ಲಿ ಚುರುಕಾದಳು ಎಂದುಕೊಂಡೆ. ಎಂಥ ಮಂದಬುದ್ಧಿ ನನ್ನದು.

ಒಂದು ದಿನ ಹನ್ನೊಂದರ ಹೊತ್ತಿಗೆ, ಮಂಜು ಇನ್ನೂ ಬಿಟ್ಟಿರಲಿಲ್ಲ, ಬೆನ್ನು ನೆಟ್ಟಗೆ ಮಾಡಿಕೊಳ್ಳೋಣವೆಂದು ಸಿಲ್ವರ್ ಓಕ್ ಮರದ ಹಿಂದೆ ಹೋದೆ. ಅಲ್ಲಿ ಅವಳು ಕುಕ್ಕರಗಾಲಿನಲ್ಲಿ ಕೂತು, ರವಿಕೆ ಬಿಚ್ಚಿ, ಎದೆಯ ಹಾಲನ್ನು ನೆಲಕ್ಕೆ ಹಿಂಡುತ್ತಿದ್ದಳು. ತರಗೆಲೆಯ ಮೇಲೆ ಬೆಳ್ಳಗೆ ಬೀಳುತ್ತಿತ್ತು.

"ಏನವ್ವ ಇದು?" ಎಂದೆ.

"ಗಟ್ಟಿ ಕಟ್ಕಂಡದೆ ಅಕ್ಕ. ನೋವು ತಡಿಯಾಕಾಗಲ್ಲ."

"ಮಗೀಗೆ?"

"ಕ್ರೆಶ್ ಆಯಾ ಸಕ್ಕರೆ ನೀರು ಕುಡಿಸ್ತಾರೆ. ನಾನು ಹೋದ್ರೆ ಸಾಲು ಉಳ್ಕತದೆ. ನೀವೇ ಅಲ್ವ ಸೈನ್ ಹಾಕ್ಸಿರೋದು."

ಬೈದು ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದಳು. ನನ್ನ ಚೀಲದಿಂದ ಎರಡು ಕೈ ತುಂಬ ಎಲೆ ಬಾಚಿ ಅವಳ ಚೀಲಕ್ಕೆ ಹಾಕಹೋದೆ. ಅವಳು ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಬ್ಯಾಡ ಅಕ್ಕ. ಮೇಸ್ತ್ರಿ ಅಲ್ಲೇ ಅವ್ನೆ. ನಿಮ್ಮ ಹಾಜರೀನೂ ಹೋಯ್ತದೆ."

ಅವತ್ತೇ ಗೂಡಲೂರಿನ ಯೂನಿಯನ್ ಆಫೀಸಿಗೆ ಹೋದೆ. ನಮ್ಮ ಲೀಡರು ನಾನು ಹೇಳಿದ್ದನ್ನೆಲ್ಲ ಕೇಳಿ, ಟೀ ತರಿಸಿಕೊಟ್ಟು, ತಮಿಳಿನಲ್ಲಿ ಸಮಾಧಾನ ಹೇಳಿದರು: ನೀನೇ ಕೇಳಿ ತಗೊಂಡದ್ದನ್ನು ನೀನೇ ಬೇಡ ಅಂದರೆ ಮ್ಯಾನೇಜರು ನಗುತ್ತಾರಮ್ಮ, ಮುಂದಿನ ಮಾತುಕತೆಯವರೆಗೆ ತಾಳು. ಐದು ತಿಂಗಳ ಕೂಸು ಮುಂದಿನ ಮಾತುಕತೆಯವರೆಗೆ ತಾಳುತ್ತದೆಯೇ ಎಂದು ಕೇಳಿದೆ. ಅವರು ಫೋನು ನೋಡತೊಡಗಿದರು. ಮ್ಯಾನೇಜರು ಒಪ್ಪಿದಾಗ ಆಗಬೇಕಿದ್ದ ದಿಗಿಲು ನನಗೆ ಆಗ ಆಯಿತು. ಇರಲಾರದೆ ಇರುವೆ ಬಿಟ್ಟುಕೊಂಡವಳು ನಾನು, ಕಚ್ಚಿಸಿಕೊಂಡವಳು ಅವಳು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಲೈನಿನ ಮನೆಮನೆಗೆ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಕೆಲವರು ಮುಖದ ಮೇಲೆ ಹೊಡೆದ ಹಾಗೆ ಅಂದರು, ಅನ್ನಿಸಿಕೊಂಡೆ. ಕೊನೆಗೆ ಒಂದು ಸಂಜೆ ಹೆಂಗಸರೆಲ್ಲ ತೂಕಕ್ಕೆ ಚೀಲ ಎತ್ತದೆ ಶೆಡ್ಡಿನ ಮುಂದೆ ಕೂತುಬಿಟ್ಟೆವು. ಕಿತ್ತ ಎಲೆ ಚೀಲದಲ್ಲೇ ಇದ್ದರೆ ಬಿಸಿಯಾಗಿ ಕೆಡುತ್ತದೆ, ಅದು ಮ್ಯಾನೇಜರಿಗೂ ಗೊತ್ತು. ಲೀಡರು ಓಡಿ ಬಂದರು. ಮತ್ತೆ ಎರಡು ಸಲ ಮಾತುಕತೆ ಆಯಿತು. ಹಾಲೂಡುವ ತಾಯಿಯ ಸಾಲನ್ನು ಪಕ್ಕದವರು ಕೀಳಬಹುದು, ಅದು ಅವಳ ಎಲೆಯೆಂದೇ ತೂಕಕ್ಕೆ ಬರುತ್ತದೆ ಎಂದು ಮ್ಯಾನೇಜರು ಬರೆದುಕೊಟ್ಟರು. ಮರದ ಹಿಂದೆ ಅವಳನ್ನು ಕಂಡ ದಿನದಿಂದ ಈ ಕಾಗದ ಕೈಗೆ ಬರುವಷ್ಟರಲ್ಲಿ ಐದು ವಾರ ಕಳೆದಿತ್ತು.

ಕಾಗದ ಹಿಡಿದು ನೇರ ಅವಳ ಮನೆಗೆ ನಡೆದೆ. ಬಾಗಿಲಲ್ಲೇ ನಿಂತು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಅವಳು ಕೊನೆಯವರೆಗೂ ಕೇಳಿದಳು.

"ಒಳ್ಳೇದಾಯ್ತು ಅಕ್ಕ. ಮುಂದೆ ಹೆರೋರಿಗೆ ಆಯ್ತದೆ," ಅಂದಳು. "ನಂಗೆ ಹಾಲು ನಿಂತೋಯ್ತು."

ಬಾಟಲಿ ಹಾಲಿಗೆ ನೀರು ಕಾಯಿಸಬೇಕೆಂದು ಮಗುವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮಗು ಒಂದು ಗಳಿಗೆ ನನ್ನ ಮುಖ ನೋಡಿತು. ಆಮೇಲೆ ನನ್ನ ರವಿಕೆಗೆ ಮುಖ ಒತ್ತಿ, ಬಾಯಿ ತೆರೆದು ಹುಡುಕತೊಡಗಿತು.