ಒವನ್‌ಗೆ ಹಾಕುವ ಮೊದಲು

೨೦೦೨ರಲ್ಲಿ ನಾನು ದಾಂಡೇಲಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು; ವಾದ ಬಿಟ್ಟುಕೊಡುವ ವಿದ್ಯೆ ಮಾತ್ರ ಕಲಿತಿರಲಿಲ್ಲ. ನಮ್ಮ ಕೆಲಸ ತೆಳುಪದರದ ಸೌರಕೋಶ. ಅಂದರೆ ಗಾಜಿನ ಮೇಲೆ ಕೂದಲೆಳೆಗಿಂತ ಎಷ್ಟೋ ತೆಳುವಾಗಿ ಸಿಲಿಕಾನ್ ಲೇಪಿಸಿ, ಬಿಸಿಲಿನಿಂದ ವಿದ್ಯುತ್ ತೆಗೆಯುವುದು. ಹಳಿಯಾಳದಾಚೆ ಸಿದ್ದಿಗಳ ಕೇರಿಯೊಂದರ ಬಾಲವಾಡಿಗೆ ಇಂಥ ಪ್ಯಾನೆಲ್ ಹಾಕಿದ್ದೆವು. ಪಕ್ಕದಲ್ಲೇ ಅದೇ ಲೇಪನದ ಗಾಜಿನ ತುಂಡುಗಳನ್ನು ಪರೀಕ್ಷೆಗೆಂದು ಕಟ್ಟಿದ್ದೆವು. ಉಸ್ತುವಾರಿ ಕೇರಿಯವನೇ ಆದ ಜುಜೆಯಣ್ಣನದು. ವರ್ಷವಿಡೀ ನಡೆಯುವ ಕೆಲಸವೆಂದರೆ ಅವನಿಗಿದ್ದದ್ದು ಅದೊಂದೇ.

ಕೆಲವು ತಿಂಗಳಲ್ಲೇ ಬ್ಯಾಟರಿ ತುಂಬದೆ ದೀಪ ಬೇಗ ಆರತೊಡಗಿತು. ಮುಖ್ಯಸ್ಥ ಜೋಗಳೇಕರ್ ಸರ್ ಕೇರಿಯ ಅಂಗಳದಲ್ಲಿ, ಎಲ್ಲರೆದುರೇ ವಿಚಾರಣೆ ನಡೆಸಿದರು.

"ಇಲ್ಲಿಂದ ಒಯ್ದ ತುಂಡು ಲ್ಯಾಬಿನ್ಯಾಗ ಹೊಸದರಂಗ ಐತಿ. ಇಲ್ಲಿ ಕರೆಂಟ್ ಎಲ್ಲಿ ಹೊಂಟೈತಿ? ಜುಜೆ, ಮನಿಗೆ ಕದ್ದು ವೈರ್ ಎಳಕೊಂಡೀಯೇನು?"

"ಮನಿಗೇ ಬರ್ರಿ ಸಾಹೇಬ್ರ, ಬಲ್ಬ್ ಕಂಡ್ರ ನೀವ ಒಯ್ಯಿರಿ!"

ಹೆಂಗಸರು ನಕ್ಕರು. ಸರ್ ನಗಲಿಲ್ಲ, ಪರಿಶೀಲನಾ ಸಭೆ ಮುಗಿದ ಮೇಲೆ ಇವನನ್ನು ತೆಗೆಯುತ್ತೇನೆ ಎಂದುಬಿಟ್ಟರು. ನಾನು ಪುರಾವೆ ಕೇಳಿದೆ.

"ಇದು ಡಿಬೇಟ್ ಸ್ಟೇಜ್ ಅಲ್ಲ ತಂಗಿ, ಇಲ್ಲಿ ಕಪ್ ಕೊಡೂದಿಲ್ಲ. ಜೀಪ್ ಹತ್ತು."

ಹತ್ತಿದೆ. ದಾಂಡೇಲಿ ತಲುಪುವಷ್ಟರಲ್ಲಿ ಸೇಡು ತೀರಿಸಿಕೊಳ್ಳಲು ನಿರ್ಧರಿಸಿದ್ದೆ. ಆ ಪದಕ್ಕೆ ನಾನು ಇಂದಿಗೂ ನಾಚುವುದಿಲ್ಲ.

ನಾವು ಬಳಸುತ್ತಿದ್ದ ಅಮಾರ್ಫಸ್, ಅಂದರೆ ಹರಳುಗಟ್ಟದ, ಸಿಲಿಕಾನ್‌ಗೆ ಒಂದು ಗುಣವಿದೆ. ಹೊಸದರಲ್ಲಿ ಅದು ಬಿಸಿಲಿಗೇ ಬಳಲುತ್ತದೆ; ಚೆನ್ನಾಗಿ ಕಾಯಿಸಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಇದು ಎಲ್ಲರೂ ಓದಿದ್ದೇ. ಆದರೆ ನಮ್ಮ ಲ್ಯಾಬಿನ ಪದ್ಧತಿ ನೋಡಿ: ಕಾಡಿನಿಂದ ಬಂದ ತುಂಡಿಗೆ ತೇವ ಹಿಡಿದಿರುತ್ತದೆಂದು ಮೊದಲು ಒವನ್‌ನಲ್ಲಿ ನೂರೈವತ್ತು ಡಿಗ್ರಿಗೆ ಕಾಯಿಸುವುದು, ಆಮೇಲೆ ಅಳೆಯುವುದು. ರೋಗಿಗೆ ಮದ್ದು ಕುಡಿಸಿ, ಆಮೇಲೆ ಜ್ವರ ನೋಡಿದ ಹಾಗೆ!

ಸರ್‌ಗೆ ಕೋಣೆಯಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಪದ್ಧತಿ ಸದ್ದಿಲ್ಲದೆ ಬದಲಾಗುತ್ತಿತ್ತು, ಕಳ್ಳನೆಂಬ ಹೆಸರು ಹಾಗೇ ಉಳಿಯುತ್ತಿತ್ತು.

ಹಳಿಯಾಳದಲ್ಲಿ ಅನುದಾನ ಕೊಟ್ಟವರ ಪರಿಶೀಲನಾ ಸಭೆ. ಸರ್ 'ಸ್ಥಳೀಯರ ಕಳವು' ಎಂಬಲ್ಲಿಗೆ ಬಂದಾಗ ಎದ್ದು ನಿಂತೆ.

"ಸರ್, ಒವನ್‌ಗೆ ಹಾಕುವ ಮೊದಲು ಒಂದು ಸಲವಾದರೂ ಅಳೆದಿದ್ದೀರಾ?"

ಬಾಲವಾಡಿಯ ಮಾಡಿನಿಂದ ಎರಡು ತುಂಡು ತಂದು, ಒಂದನ್ನು ಮಾತ್ರ ಒವನ್‌ನಲ್ಲಿ ಕಾಯಿಸಿಟ್ಟಿದ್ದೆ; ಎರಡನ್ನೂ ಹೊರಗಿನ ಬಿಸಿಲಿಗಿಟ್ಟು ಎಲ್ಲರೆದುರು ಮೀಟರ್ ಹಚ್ಚಿದೆ. ಕಾಯಿಸಿದ್ದು ಹೊಸದರಂತೆ ತೋರಿಸಿತು. ಕಾಯಿಸದ್ದು ಐದರಲ್ಲೊಂದು ಪಾಲು ಕಡಿಮೆ. ಕಳ್ಳ ಬಿಸಿಲೇ ಆಗಿತ್ತು.

ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಒಳಗೊಳಗ ಸರಿ ಮಾಡೂಣು. ಜುಜೆನ ಕೆಲಸ ಉಳಸ್ತೇನಿ."

"ಕದ್ದೀ ಅಂದದ್ದು ಅಂಗಳದಾಗ್ರೀ ಸರ್. ಅಲ್ಲೇ ಹೋಗೂಣು."

ಸಭೆಯವರೂ ಜೀಪ್ ಹತ್ತಿದರು. ಅಂಗಳದಲ್ಲಿ ಸರ್ ಇಂಗ್ಲಿಷಿನಲ್ಲಿ ಏನೋ ತಾಂತ್ರಿಕ ಕಾರಣ ಗೊಣಗಿದರು.

"ಯಾರಿಗೂ ತಿಳೀಲಿಲ್ರೀ. ಕನ್ನಡದಾಗ ಹೇಳ್ರಿ," ಎಂದೆ.

ಅವರು ನೆಲ ನೋಡುತ್ತ ಹೇಳಿದರು: "ಜುಜೆ ಕದ್ದಿಲ್ಲ. ನಾವ ತಪ್ಪು ಅಳದೀವಿ."

"ಆತ್ರೀ," ಎಂದ ಜುಜೆಯಣ್ಣ. "ಇನ್ನ ದೀಪದ್ದು ಹೇಳ್ರಿ."

ಆ ತಿಂಗಳೇ ಇನ್ನೊಂದು ಪ್ಯಾನೆಲ್ ಬಂತು. ಮನುಷ್ಯನನ್ನು ಅನುಮಾನಿಸುವ ಮೊದಲು ಅಳತೆಯನ್ನು ಅನುಮಾನಿಸಬೇಕೆಂದು ಆ ಕೆಲಸ ನನಗೆ ಕಲಿಸಿತು. ಅಷ್ಟು ಕಟುವಾಗಬಾರದಿತ್ತು ಎನ್ನುವವರು ಈಗಲೂ ಇದ್ದಾರೆ. ಅವರಿಗೆ ನನ್ನದು ಒಂದೇ ಪ್ರಶ್ನೆ: ಆ ದಿನ ಯಾರದಾದರೂ ಒಬ್ಬರ ಮಾನ ಹೋಗಲೇಬೇಕಿತ್ತು, ಯಾರದು ಹೋಗಬೇಕಿತ್ತು ಹೇಳಿ?