ಸಣ್ಣ ಕ್ಯಾಮೆರಾದ ಕಾಕಾ

ಕಾಕಾನ ಕೈಗೆ ಚಹಾದ ಕಪ್ಪು-ಬಸಿ ಕೊಟ್ಟರೆ ಎರಡೂ ಟಕಟಕ ಬಡಿದುಕೊಳ್ಳುತ್ತಿದ್ದವು. ಬಲಗೈಯ ಹೆಬ್ಬೆರಳು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಅದನ್ನು ಎಡಗೈಯಿಂದ ಒತ್ತಿ ಹಿಡಿದು, ಯಾರಾದರೂ ಕಂಡರೇನೋ ಎಂದು ಅತ್ತಿತ್ತ ನೋಡುತ್ತಿದ್ದರು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಕೈ ನಡುಗುವ ಫೋಟೋಗ್ರಾಫರನನ್ನು ಯಾರು ಕರೆದಾರು? ಅದೊಂದೇ ಅವರ ಹೆದರಿಕೆ. ಮದುವೆಯಾಗಿ ಈ ಊರಿಗೆ ಬಂದ ನಾನು ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವ ಕೆಲಸಕ್ಕೆ ಸೇರಿದ್ದೆ. ಬಂಧು-ಬಳಗ ಏನೂ ಅಲ್ಲ. ಓಣಿಯೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ.

ಆ ವರ್ಷ ಅವರು ಹಳೆಯ ಭಾರದ ಕ್ಯಾಮೆರಾವನ್ನು ಕಪಾಟಿಗೆ ಸೇರಿಸಿ, ಅಂಗೈಯಲ್ಲಿ ಕೂಡುವಂಥ ಸಣ್ಣದೊಂದನ್ನು ತಂದರು. ಲೆನ್ಸು ಬದಲಿಸಬಹುದು, ಆದರೆ ಒಳಗೆ ಕನ್ನಡಿ ಇಲ್ಲ. ಮಿರರ್‌ಲೆಸ್ ಅನ್ನುತ್ತಾರಲ್ಲ, ಅದು. ಒಳಗಿನ ಸೆನ್ಸರೇ ಅಲುಗಾಡಿ ಕೈಯ ನಡುಕವನ್ನು ನುಂಗಿಬಿಡುತ್ತಿತ್ತು. ಮೊದಲ ಫೋಟೋ ದೊಡ್ಡದು ಮಾಡಿ ತೋರಿಸಿದಾಗ ಕಾಕಾ ಕೂಸಿನ ಹಾಗೆ ನಕ್ಕರು.

"ನೋಡ ಯವ್ವಾ, ಕೂದಲಾ ಕೂದಲಾ ಎಣಸಬಹುದು! ನನ್ನ ಕೈ ನಡಗತಾವಂತ ಇದಕ್ಕ ಗೊತ್ತ ಇಲ್ಲ!"

ಹಾಗಂತ ಅದರ ಐಬು ಮುಚ್ಚಿಡುವವರಲ್ಲ. ಬ್ಯಾಟರಿ ಅರ್ಧ ಮದುವೆಗೇ ಕೈ ಕೊಡುತ್ತಿತ್ತು. ಗುಂಡಿಗಳು ಜೋಳದ ಕಾಳಿನಷ್ಟು. ಒಂದನ್ನು ಒತ್ತಲು ಹೋದರೆ ಇನ್ನೊಂದು. ಮದುವೆಮನೆಯ ಬೀಗರಂತೂ, "ಕಾಕಾ, ಮೊಮ್ಮಗಂದ ಆಟಿಗಿ ಸಾಮಾನ ತಂದೀರೇನ್ರಿ?" ಎಂದು ಕಾಡುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ದೂಳು. "ಹಳೇದಕ್ಕ ಒಳಗ ಕನ್ನಡಿ ಅಡ್ಡ ಇರತಿತ್ತು. ಇದು ಬಾಗಲಾ ಇಲ್ಲದ ಮನಿ. ಲೆನ್ಸ್ ತಗದ್ರ ದೂಳ ಸೀದಾ ದೇವರಮನಿಗೇ," ಎನ್ನುತ್ತಿದ್ದರು.

ಬಬಲೇಶ್ವರದಲ್ಲಿ ಒಬ್ಬ ಅಜ್ಜಿ ತೀರಿಕೊಂಡರು. ನಮ್ಮ ಕಡೆ ಹಲವು ಮನೆತನಗಳಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮನೆಮಂದಿ ಸುತ್ತ ಕೂತು ಕಡೆಯ ಫೋಟೋ ತೆಗೆಸುತ್ತಾರೆ. ಕಾಕಾ ಹೋದರು. ಅಳುವವರ ನಡುವೆ ಸದ್ದು ಮಾಡದ ಆ ಕ್ಯಾಮೆರಾ ಎಷ್ಟೋ ವಾಸಿ. ಎಲ್ಲರ ಫೋಟೋ ಮುಗಿಸಿ, ಅಜ್ಜಿಯ ಮುಖವಷ್ಟೇ ತೆಗೆಯಲೆಂದು ಗಾಳಿ ಬೀಸುವ ಅಂಗಳದಲ್ಲಿ ನಿಂತು ಲೆನ್ಸು ಬದಲಿಸಿದರು. ಆ ಅಜ್ಜಿಯ ಬೇರೆ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ.

ಮರುದಿನ ನೋಡಿದರೆ ಫೋಟೋದ ತುಂಬ ಬೂದುಬಣ್ಣದ ಚುಕ್ಕೆಗಳು. ಗೋಡೆಯ ಮೇಲೆ, ಸೆರಗಿನ ಮೇಲೆ, ಗದ್ದದ ಮೇಲೆ. ದೂಳೆಂದು ಒಂದೊಂದನ್ನೂ ಒರೆಸಿದೆ. "ಪ್ರಿಂಟ್ ಹಾಕೂಕಿಂತ ಮೊದಲ ನನಗೊಮ್ಮೆ ತೋರಸು," ಅಂದಿದ್ದರು ಕಾಕಾ. "ಇಷ್ಟ ಗೊತ್ತಾಗಂಗಿಲ್ಲೇನ್ರಿ ನನಗ?" ಅಂದು ಹಾಗೆಯೇ ಹಾಕಿಸಿದೆ. ಎಂಥ ಸೊಕ್ಕು ನಂದು!

ಕಟ್ಟು ಹಾಕಿಸಿದ ಫೋಟೋ ಕೊಡಲು ಇಬ್ಬರೂ ಹೋದೆವು. ಅಜ್ಜಿಯ ಮಗಳು ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಆಕೆಯ ಬೆರಳು ಗದ್ದದ ಹತ್ತಿರ ಹೋಗಿ ನಿಂತಿತು.

"ನಮ್ಮವ್ವನ ಹಚ್ಚಿ ಬೊಟ್ಟ ಎಲ್ಲಿ ಹೋತು? ಸಣ್ಣಾಕಿದ್ದಾಗ ಅದರ ಮ್ಯಾಲ ಬೆರಳ ಇಟ್ಟ ಮಲಗತಿದ್ನ್ಯೋ ಯಪ್ಪಾ! ಇಕಿ ನಮ್ಮವ್ವ ಅಲ್ಲ."

ಎಳೆಯ ವಯಸ್ಸಿನಲ್ಲಿ ಚುಚ್ಚಿಸಿಕೊಂಡ ಹಚ್ಚೆಯ ಬೊಟ್ಟು ಅದು, ಮಾಸಿ ಬೂದಿಯಾಗಿತ್ತು. ದೂಳೆಂದು ನಾನು ಅಳಿಸಿಬಿಟ್ಟಿದ್ದೆ. ಆಕೆಯ ಅಣ್ಣ, "ಕಾಕಾನ ಕೈ ಅಷ್ಟ ಅಲ್ಲ, ಕಣ್ಣೂ ಹೋಗ್ಯಾವ," ಅಂದ. ಆಗ ಬಾಯಿ ತೆರೆಯಬೇಕಾಗಿದ್ದವಳು ನಾನು. ಆದರೆ ಕಾಕಾ ಮುಂದೆ ಬಂದು, ಆ ನಡುಗುವ ಕೈಗಳನ್ನೇ ಎಲ್ಲರೆದುರು ಮುಗಿದರು.

"ನಂದ ತಪ್ಪಾತು ತಂಗಿ. ನಾಳೆನ ಬೊಟ್ಟ ಇದ್ದದ್ದ ತಂದ ಕೊಡತೀನಿ."

ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ತಿರುಗಿ ಹೋಗಿ ಹೇಳುತ್ತೇನೆಂದೆ.

"ಸುಮ್ನ ಕುಂದರ ಯವ್ವಾ. ನನ್ನ ಕೈ ಹೆಂಗೂ ಹೋಗ್ಯಾವ. ನೀ ಇನ್ನ ದುಡಿಯಾಕಿ ಇದ್ದಿ."

ನಾನು ಸುಮ್ಮನಾದೆ. ಹಿರಿಯರ ಮಾತು ಕೇಳಿದೆನೆಂದಲ್ಲ, ನನ್ನ ಹೆದರಿಕೆಗೆ ಒಂದು ನೆಪ ಸಿಕ್ಕಿತ್ತು.

ಬೊಟ್ಟಿದ್ದ ಫೋಟೋ ಮರುದಿನ ತಲುಪಿತು. ಆದರೆ ಅಷ್ಟರಲ್ಲಿ ಕಾಕಾನ ಕೈ-ಕಣ್ಣು ಹೋಗಿವೆ ಎಂಬ ಮಾತು ಊರೂರು ತಿರುಗಿತ್ತು. ತಿಕೋಟಾದಿಂದ ಮದುವೆಗೆ ಫೋನ್ ಮಾಡಿದವರು, "ಅಕ್ಕಾರ, ನೀವ ಬರ್ರಿ. ಕಾಕಾ ಮನ್ಯಾಗ ಆರಾಮ ಇರ್ಲಿ," ಅಂದರು. ಕಾಕಾ ತಾವೇ ಕ್ಯಾಮೆರಾ ಒರೆಸಿ ನನ್ನ ಕೊರಳಿಗೆ ಹಾಕಿದರು. "ಮೂರು ಬ್ಯಾಟ್ರಿ ಇಟ್ಟೇನಿ. ಲೆನ್ಸ್ ಬದಲ್ಸೂದಿದ್ರ ಒಳಗ ಹೋಗಿ, ಕ್ಯಾಮೆರಾದ ಬಾಯಿ ಕೆಳಗ ಮಾಡಿ ಬದಲ್ಸು."

ನಾನು ಹೋದೆ. ಆ ಮದುವೆಗೂ ಹೋದೆ, ಮುಂದಿನವಕ್ಕೂ ಹೋದೆ. ಎರಡು ವರ್ಷ ಕಾಕಾನನ್ನು ಯಾರೂ ಕರೆಯಲಿಲ್ಲ. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಹೋಗಿ ಬರುವವರ ಮುಖ ನೋಡುತ್ತ, "ಈಗ ಬೆಳಕ ಭಾಳ ಚಲೋ ಬಿದ್ದೈತಿ," ಅನ್ನುತ್ತ ಕೂತಿರುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ಆಮೇಲೆ ಒಂದು ದಿನ ಬಬಲೇಶ್ವರಕ್ಕೆ ಹೋಗಿ ಆ ಮಗಳ ಮುಂದೆ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ.

"ಅವತ್ತ ಹೇಳಿದ್ರ ಎರಡ ದಿನ ಸಿಟ್ಟ ಮಾಡತಿದ್ನಿ, ಆಮ್ಯಾಲ ಮರೀತಿದ್ನಿ. ಕಾಕಾ ಇದ್ದಾಗ ಯಾಕ ಬರಲಿಲ್ಲ ಯವ್ವಾ?"

ಎರಡು ದಿನದ ಸಿಟ್ಟು. ಅದಕ್ಕೆ ಹೆದರಿ ನಾನು ಕಾಕಾನ ಕಡೆಯ ಎರಡು ವರ್ಷಗಳನ್ನು ತಿಂದೆ.